ಹಾಡು ನಮ್ಮದು, ಅಧ್ಯಯನ ಅನ್ಯರದು

ಮನುಷ್ಯರ ಭಾಷೆಗಳಲ್ಲೂ ಮೈಬಣ್ಣಗಳಲ್ಲೂ ಇರುವ ವೈವಿಧ್ಯವನ್ನು ಅಲ್ಲಾಹನು ತನ್ನ ದೃಷ್ಟಾಂತಗಳಲ್ಲಿ ಒಂದೆಂದು ಸೂರಃ ಅರ್ರೂಮ್‌ನ 22ನೆಯ ವಚನದಲ್ಲಿ ಎಣಿಸಿದ್ದಾನೆ. ಆಕಾಶ ಮತ್ತು ಭೂಮಿಯ ಸೃಷ್ಟಿಯ ಜೊತೆಯಲ್ಲೇ ಅದನ್ನು ಇರಿಸಿದ್ದಾನೆ. ಈ ನಿದರ್ಶನ ಅರಿವುಳ್ಳವರಿಗೆ ಎಂದೂ ಅಲ್ಲಿಯೇ ಹೇಳಲಾಗಿದೆ. ಖಗೋಳವನ್ನು ಓದುವ ವಿದ್ಯಾರ್ಥಿ ಅಲ್ಲಾಹನ ದೃಷ್ಟಾಂತವನ್ನು ಓದುತ್ತಿದ್ದಾನೆ ಎಂದು ನಾವು ಮಿಂಬರಿನಿಂದ ಹೇಳುತ್ತೇವೆ, ಹೆಮ್ಮೆಪಡುತ್ತೇವೆ. ಆದರೆ ತನ್ನ ಮನೆಮಾತನ್ನು, ಆ ಮಾತಿನಲ್ಲಿ ಅಜ್ಜಿ ಹಾಡಿದ ಹಾಡನ್ನು ಓದಲು ಹೊರಟ ಮಗಳಿಗೆ ನಾವು ಹೇಳುವ ಮಾತೇ ಬೇರೆ.

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ನಮ್ಮ ಮನೆಗಳಲ್ಲಿ ಆ ಮಾತು ಹೇಗಿರುತ್ತದೆ ಎಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. ಬಿ.ಎ. ಮುಗಿಸಿದ ಹುಡುಗಿ ಕನ್ನಡದಲ್ಲೋ ಜಾನಪದದಲ್ಲೋ ಎಂ.ಎ. ಮಾಡಿ, ಮದುವೆಯ ಮನೆಗಳಲ್ಲಿ ಹೆಂಗಸರು ಹಾಡುತ್ತಿದ್ದ ಹಾಡುಗಳ ಮೇಲೆ ಸಂಶೋಧನೆ ಮಾಡುತ್ತೇನೆ ಎಂದರೆ, "ಹಾಡಿನ ಮೇಲೆ ಪಿಎಚ್.ಡಿ. ಮಾಡಿದರೆ ಹೊಟ್ಟೆ ತುಂಬುತ್ತದೆಯೇ ಮಗಳೇ?" ಎಂದು ಉಪ್ಪ ಕೇಳುತ್ತಾರೆ. ಇದು ಬಡತನ ಕಂಡವರ ಪ್ರಶ್ನೆ, ಅದಕ್ಕೆ ಗೌರವ ಸಲ್ಲಬೇಕು. ಆದರೆ ಇದಕ್ಕಿಂತ ಕೆಟ್ಟದಾದ ಇನ್ನೊಂದು ಮಾತು ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಸಂಗೀತದ ವಿಷಯವೇ ವಿವಾದದ್ದು, ಆದ್ದರಿಂದ ಅದರ ಅಧ್ಯಯನವೂ ಬೇಡ ಎಂಬುದು ಆ ಮಾತು. ಅದನ್ನು ಹೇಳುವವರು ದೀನಿನ ಹೆಸರಿನಲ್ಲಿ ಹೇಳುತ್ತಾರೆ. ಈ ಲೇಖನ ಮುಖ್ಯವಾಗಿ ಅವರಿಗೆ.

ಮೊದಲು ಒಬ್ಬ ಮಹಿಳೆಯ ಹೆಸರನ್ನು ಹೇಳುತ್ತೇನೆ. ಡಾ. ಸುಶೀಲಾ ಪಿ. ಉಪಾಧ್ಯಾಯ. ನಮ್ಮಲ್ಲಿ ಹೆಚ್ಚಿನವರು ಈ ಹೆಸರನ್ನು ಕೇಳಿರಲಾರರು. ತುಳು ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಡಾ. ಯು.ಪಿ. ಉಪಾಧ್ಯಾಯರ ಪತ್ನಿ ಎಂದರೆ ಕೆಲವರಿಗೆ ಗುರುತು ಸಿಕ್ಕೀತು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಆರು ಸಂಪುಟಗಳಲ್ಲಿ ಹೊರಬಂದ ನಿಘಂಟು ಅದು. ಸುಶೀಲಾ ಅವರು ತಮ್ಮ ಡಾಕ್ಟರೇಟ್ ಸಂಶೋಧನೆಗೆ ಆರಿಸಿಕೊಂಡದ್ದು ನಮ್ಮ ಮಾತನ್ನು. ಬ್ಯಾರಿ ಭಾಷೆ ಎಂದು ಇಂದು ಅಭಿಮಾನದಿಂದ ಕರೆಯುವ, ಅಂದು ಮಾಪಿಳ್ಳೆ ಮಲಯಾಳ ಎಂದು ಕರೆಯುತ್ತಿದ್ದ ಈ ಮನೆಮಾತನ್ನು ಭಾಷಾಶಾಸ್ತ್ರದ ಶಿಸ್ತಿನಿಂದ ವಿವರಿಸಿದ ಮೊದಲಿಗರಲ್ಲಿ ಅವರು ಪ್ರಮುಖರು. ಅರ್ಧ ಶತಮಾನಕ್ಕೂ ಹಿಂದಿನ ಮಾತಿದು. ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದದ್ದು 2009ರಲ್ಲಿ. ಅದಕ್ಕೂ ಹಲವು ದಶಕಗಳ ಹಿಂದೆಯೇ ಮುಸ್ಲಿಮೇತರ ಮಹಿಳೆಯೊಬ್ಬರು ನಮ್ಮ ಮಾತಿನ ವ್ಯಾಕರಣವನ್ನು ಬರೆಯುತ್ತಿದ್ದರು.

ಅವರ ಕೆಲಸದ ಫಲವೇನು? ನಮ್ಮ ಮಾತು ಕೆಟ್ಟ ಮಲಯಾಳ, ಕಲಬೆರಕೆ ತುಳು, ಓದು ಬರಹ ಇಲ್ಲದವರ ಅಪಭ್ರಂಶ ಎಂಬ ಭಾವನೆ ಹೊರಗಿನವರಲ್ಲಿ ಮಾತ್ರವಲ್ಲ, ನಮ್ಮಲ್ಲೂ ಬೇರೂರಿತ್ತು. ಭಾಷಾಶಾಸ್ತ್ರ ತೋರಿಸಿದ್ದು ಬೇರೆಯೇ ಸಂಗತಿ. ಮಲಯಾಳದ ವಕಾರ ಇಲ್ಲಿ ಬಕಾರವಾಗುವುದು ನಾಲಗೆ ತಿರುಗದ್ದರಿಂದಲ್ಲ, ನಿಯಮದಿಂದ. ಳಕಾರ ಲಕಾರದಲ್ಲಿ, ಣಕಾರ ನಕಾರದಲ್ಲಿ ಕರಗುವುದೂ ನಿಯಮದಿಂದಲೇ. ಮಲಯಾಳದ ಕ್ರಿಯಾಪದಗಳು ಕಳೆದುಕೊಂಡಿರುವ ಪುರುಷಪ್ರತ್ಯಯಗಳು ಬ್ಯಾರಿ ಮಾತಿನಲ್ಲಿವೆ. ಅಂದರೆ ನಾವು ನಾಚಿಕೆಪಟ್ಟುಕೊಂಡ ಮಾತಿಗೆ ತನ್ನದೇ ಶಾಸ್ತ್ರವಿತ್ತು. ಅದನ್ನು ಕಂಡುಕೊಳ್ಳಲು ಯಾರಾದರೂ ಕುಳಿತು, ಕಿವಿಗೊಟ್ಟು, ಬರೆದುಕೊಳ್ಳಬೇಕಾಗಿತ್ತು ಅಷ್ಟೇ. ನಮ್ಮ ಸುಳ್ಯದ ಕಡೆ, ಕೇರಳದ ಗಡಿ ಸಮೀಪಿಸಿದಂತೆ, ಮಾತು ಮತ್ತೆ ಮಲಯಾಳದ ಕಡೆಗೆ ವಾಲುತ್ತದೆ. ಪುತ್ತೂರಿನಿಂದ ಮದುವೆಯಾಗಿ ಬಂದ ಸೊಸೆಯ ಮಾತಿಗೆ ಸುಳ್ಯದ ಅತ್ತೆ ನಗುವುದುಂಟು. ಆ ನಗುವಿನೊಳಗೂ ಒಂದು ಸಂಶೋಧನ ಪ್ರಬಂಧಕ್ಕೆ ಬೇಕಾದ ಸಾಮಗ್ರಿ ಇದೆ, ಬರೆಯುವವರು ಇಲ್ಲ.

ಈ ದಂಪತಿಯ ಬದುಕಿನ ಇನ್ನೊಂದು ಅಧ್ಯಾಯ ನಮಗೆ ಹೆಚ್ಚು ಕುತೂಹಲಕರ. 1970ರ ದಶಕದಲ್ಲಿ ಅವರು ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶಕ್ಕೆ ಹೋದರು. ಕವಿಯೂ ಆಗಿದ್ದ ಅಧ್ಯಕ್ಷ ಲಿಯೊಪೋಲ್ಡ್ ಸೆಂಘೋರ್ ಅವರಿಗೆ ದ್ರಾವಿಡರಿಗೂ ಆಫ್ರಿಕಾದ ಕಪ್ಪು ಜನಾಂಗಗಳಿಗೂ ನಂಟು ಇರಬಹುದೆಂಬ ಆಸಕ್ತಿ ಇತ್ತು. ಡಾಕರ್ ವಿಶ್ವವಿದ್ಯಾನಿಲಯದಲ್ಲಿ ಈ ದಂಪತಿ ಅಲ್ಲಿನ ಭಾಷೆಗಳನ್ನು ನಮ್ಮ ಭಾಷೆಗಳ ಜೊತೆ ಹೋಲಿಸಿ ಅಧ್ಯಯನ ಮಾಡಿದರು. ಆ ಬಗ್ಗೆ ಪುಸ್ತಕವನ್ನೂ ಬರೆದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಆ ಸಂಬಂಧವನ್ನು ಒಪ್ಪಿಲ್ಲ, ಅದು ಬೇರೆ ವಿಷಯ. ಸೆನೆಗಲ್ ಬಹುತೇಕ ಮುಸ್ಲಿಮರ ನಾಡು. ಕರಾವಳಿಯ ಮುಸ್ಲಿಮರ ಮಾತನ್ನು ಕಲಿತವರು ಅಲ್ಲಿಂದ ಹೋಗಿ ಇನ್ನೊಂದು ಕರಾವಳಿಯ ಮುಸ್ಲಿಮರ ಮಾತನ್ನು ಕಲಿತರು.

ಆ ಎರಡನೆಯ ಕರಾವಳಿಯಿಂದ ಶತಮಾನಗಳ ಕಾಲ ಹಡಗುಗಳು ಹೊರಟವು. ಅವುಗಳಲ್ಲಿ ಸರಪಳಿ ಬಿಗಿದ ಮನುಷ್ಯರಿದ್ದರು. ಅವರಲ್ಲಿ ಅನೇಕರು ಕುರ್‌ಆನ್ ಓದಬಲ್ಲವರು, ಅರಬಿ ಬರೆಯಬಲ್ಲವರು. ಇಂದಿನ ಸೆನೆಗಲ್‌ನ ಫೂತಾ ತೋರೊ ಪ್ರದೇಶದಲ್ಲಿ ಹುಟ್ಟಿದ ಉಮರ್ ಬಿನ್ ಸಈದ್ ಎಂಬ ವಿದ್ವಾಂಸರನ್ನು ಹಿಡಿದು ಅಮೆರಿಕದಲ್ಲಿ ಮಾರಲಾಯಿತು. ಅವರು ಗುಲಾಮರಾಗಿದ್ದುಕೊಂಡೇ 1831ರಲ್ಲಿ ಅರಬಿ ಭಾಷೆಯಲ್ಲಿ ತಮ್ಮ ಬದುಕಿನ ಕಥೆಯನ್ನು ಬರೆದರು. ಆ ಹಸ್ತಪ್ರತಿ ಈಗ ಅಮೆರಿಕದ ಸಂಸತ್ತಿನ ಗ್ರಂಥಾಲಯದಲ್ಲಿದೆ. ಹೊಲಗಳಲ್ಲಿ ದುಡಿಯುತ್ತಿದ್ದ ಕಪ್ಪು ಜನರ ಒಂಟಿ ದನಿಯ ಕೂಗುಹಾಡುಗಳಲ್ಲಿ, ಆ ದನಿ ಏರಿ ಇಳಿದು ನಡುಗುವ ರೀತಿಯಲ್ಲಿ, ಬಾಂಗಿನ ಮತ್ತು ಕುರ್‌ಆನ್ ಪಾರಾಯಣದ ಛಾಯೆಯನ್ನು ಇತಿಹಾಸಕಾರ್ತಿ ಸಿಲ್ವಿಯಾನ್ ದಿಯುಫ್ ಅವರಂಥ ವಿದ್ವಾಂಸರು ಗುರುತಿಸಿದ್ದಾರೆ. ಇದು ಚರ್ಚೆಯಲ್ಲಿರುವ ಅಭಿಪ್ರಾಯ, ತೀರ್ಪಲ್ಲ. ಆ ಕೂಗುಹಾಡುಗಳಿಂದ, ಚರ್ಚುಗಳ ಹಾಡುಗಳಿಂದ ಬ್ಲೂಸ್ ಎಂಬ ಹಾಡುಗಾರಿಕೆ ಬೆಳೆಯಿತು. ಅದರ ಬೇರಿನಿಂದ ಜಾಝ್ ಎಂಬ ಸಂಗೀತ ಬಂತು.

ಜಾಝ್ ನಮಗೇಕೆ ಎಂದು ಕೇಳಬೇಡಿ. ಬಂಟ್ವಾಳ ತಾಲೂಕಿನಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡರು. ಜಾಝ್ ಸಂಗೀತಗಾರರ ಪ್ರಧಾನ ವಾದ್ಯಗಳಲ್ಲಿ ಅದೂ ಒಂದು. ಕರ್ನಾಟಕ ಮೂಲದ ಕುಟುಂಬದ ರುದ್ರೇಶ್ ಮಹಾಂತಪ್ಪ ಇಂದು ಅಮೆರಿಕದ ಹೆಸರಾಂತ ಜಾಝ್ ವಾದಕರು. 2008ರಲ್ಲಿ ಅವರು ಗೋಪಾಲನಾಥರ ಜೊತೆಗೂಡಿ ಒಂದು ಆಲ್ಬಮ್ ತಂದರು. ಹಾಗಾಗಿ ಈ ವಿಷಯ ನಮ್ಮ ಜಿಲ್ಲೆಯ ಬಾಗಿಲಿಗೆ ಬಂದು ಹೋಗಿದೆ. ಆದರೆ ನಾನು ಹೇಳಹೊರಟದ್ದು ವಾದ್ಯದ ಬಗ್ಗೆ ಅಲ್ಲ, ಅಧ್ಯಯನದ ಬಗ್ಗೆ.

1963ರಲ್ಲಿ ಲೀರಾಯ್ ಜೋನ್ಸ್ ಎಂಬ ಕಪ್ಪು ಲೇಖಕ 'ಬ್ಲೂಸ್ ಪೀಪಲ್' ಎಂಬ ಪುಸ್ತಕವನ್ನು ಪ್ರಕಟಿಸಿದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಮುಂದೆ ಅವರು ಅಮೀರಿ ಬರಾಕಾ ಎಂದು ಹೆಸರು ಬದಲಿಸಿಕೊಂಡರು. ಅಮೀರ್ ಬರಕಾತ್ ಎಂಬ ಅರಬಿ ಹೆಸರಿನಿಂದ ರೂಪಾಂತರಗೊಂಡ ಹೆಸರದು. ಅವರ ಮುಂದಿನ ರಾಜಕೀಯದ ಎಲ್ಲ ತಿರುವುಗಳನ್ನೂ ನಾವು ಒಪ್ಪಬೇಕಾಗಿಲ್ಲ, ನಾನಂತೂ ಒಪ್ಪಲಾರೆ. ಆದರೆ ಆ ಪುಸ್ತಕದಲ್ಲೂ ಅದೇ ವರ್ಷದ ಒಂದು ಪ್ರಬಂಧದಲ್ಲೂ ಅವರು ಎತ್ತಿದ ಪ್ರಶ್ನೆ ನೇರವಾಗಿ ನಮ್ಮ ಎದೆಗೆ ಬರುತ್ತದೆ. ಜಾಝ್ ಸಂಗೀತದ ಮಹಾನ್ ಕಲಾವಿದರೆಲ್ಲ ಹೆಚ್ಚಾಗಿ ಕಪ್ಪು ಜನ, ಆದರೆ ಅದರ ವಿಮರ್ಶಕರು, ಇತಿಹಾಸಕಾರರು ಹೆಚ್ಚಾಗಿ ಬಿಳಿಯರು. ಇದೇಕೆ ಎಂದು ಅವರು ಕೇಳಿದರು. ಉತ್ತರವಾಗಿ ಬಿಳಿಯರನ್ನು ಮಾತ್ರ ಬಯ್ದು ಸುಮ್ಮನಾಗಲಿಲ್ಲ. ನಾಲ್ಕಕ್ಷರ ಕಲಿತು ಮಧ್ಯಮ ವರ್ಗಕ್ಕೆ ಏರಿದ ಕಪ್ಪು ಕುಟುಂಬಗಳು ತಮ್ಮ ಹಿರಿಯರ ಹಾಡಿಗೆ ನಾಚಿದವು. ಆ ಹಾಡು ಗುಲಾಮಗಿರಿಯನ್ನು, ಹೊಲವನ್ನು, ಬಡತನವನ್ನು ನೆನಪಿಸುತ್ತಿತ್ತು. ಅದನ್ನು ಮರೆತರೆ ಮರ್ಯಾದೆ ಬರುತ್ತದೆಂದು ಅವರು ನಂಬಿದರು. ಹೀಗಾಗಿ ಆ ಹಾಡಿನ ಬಗ್ಗೆ ಬರೆಯಬೇಕಾಗಿದ್ದ ವಿದ್ಯಾವಂತ ಮಗ ಬರೆಯಲಿಲ್ಲ, ಇನ್ನೊಬ್ಬರ ಮಗ ಬರೆದ.

ಜೋನ್ಸ್ ಕಲಿತ ಹೋವರ್ಡ್ ವಿಶ್ವವಿದ್ಯಾನಿಲಯ ಕಪ್ಪು ಜನರಿಗೆಂದೇ ಸ್ಥಾಪನೆಯಾದದ್ದು. ಅಲ್ಲಿ ಕೂಡ ಅವರಿಗೆ ಈ ಸಂಗೀತದ ಪರಿಚಯವಾದದ್ದು ಪಠ್ಯಕ್ರಮದಲ್ಲಿ ಅಲ್ಲ. ಕವಿ ಸ್ಟರ್ಲಿಂಗ್ ಬ್ರೌನ್ ಎಂಬ ಅಧ್ಯಾಪಕರು ತರಗತಿಯ ಹೊರಗೆ, ತಮ್ಮ ಬಿಡುವಿನ ಸಮಯದಲ್ಲಿ, ಆಸಕ್ತ ಹುಡುಗರನ್ನು ಕೂರಿಸಿಕೊಂಡು ಹಾಡು ಕೇಳಿಸಿ, ಅದರ ಹಿಂದಿನ ಚರಿತ್ರೆಯನ್ನು ಹೇಳಿಕೊಟ್ಟರು. ಸಮುದಾಯದ ಸ್ವಂತ ವಿದ್ಯಾಲಯದಲ್ಲೇ ಸಮುದಾಯದ ಹಾಡಿಗೆ ಬೆಂಚು ಇರಲಿಲ್ಲ. ನಮ್ಮ ವಿದ್ಯಾಸಂಸ್ಥೆಗಳನ್ನು ನಡೆಸುವ ಹಿರಿಯರು ಈ ವಾಕ್ಯವನ್ನು ಎರಡು ಸಲ ಓದಲಿ.

ಈಗ ಊರಿಗೆ ಬರೋಣ. ಕೊಲ್ಲಿಗೆ ಹೋಗಿ ಬಂದ ಹಣದಿಂದ ನಮ್ಮ ಮನೆಗಳು ಹಂಚಿನಿಂದ ಕಾಂಕ್ರೀಟಿಗೆ ಬಂದವು, ಅಲ್‌ಹಮ್ದುಲಿಲ್ಲಾಹ್. ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಅಜ್ಜಿಯಂದಿರು ಬೀಡಿ ಕಟ್ಟುತ್ತಾ, ಅಡಿಕೆ ಸುಲಿಯುತ್ತಾ, ಮದುಮಗಳನ್ನು ಸಿಂಗರಿಸುತ್ತಾ ಹಾಡುತ್ತಿದ್ದ ಹಾಡು ಹಳೆಯ ಮನೆಯ ಜೊತೆಗೇ ಹೋಯಿತು. ಹೋದದ್ದಕ್ಕೆ ದುಃಖವಿಲ್ಲ, ನೆಮ್ಮದಿ ಇದೆ. ಅದು ಬಡವರ ಹಾಡು, ಹಳ್ಳಿಯ ಹಾಡು, ಓದದವರ ಹಾಡು. 'ಬ್ಯಾರಿ' ಎಂದು ಯಾರಾದರೂ ಕರೆದರೆ ನಮ್ಮ ಪಟ್ಟಣದ ಹುಡುಗನ ಮುಖ ಇಂದಿಗೂ ಸಣ್ಣದಾಗುತ್ತದೆ. ವ್ಯಾಪಾರ ಎಂಬ ಅರ್ಥದ ತುಳು ಮಾತಿನಿಂದ ಬಂದ ಗೌರವದ ಪದ ಅದು ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅವನು ಕೇಳಿದ್ದು ಬಸ್ಸಿನಲ್ಲಿ, ಬೈಗುಳದ ದನಿಯಲ್ಲಿ.

ಬಣ್ಣದ ಕಾರಣಕ್ಕೆ ಅಮೆರಿಕದ ಕಪ್ಪು ಜನ ಅನುಭವಿಸಿದ್ದಕ್ಕೂ ನಮ್ಮ ಸ್ಥಿತಿಗೂ ಹೋಲಿಕೆ ಸಲ್ಲದು ಎಂದು ಕೆಲವರು ಹೇಳಬಹುದು. ನಿಜ, ಗುಲಾಮಗಿರಿಯನ್ನು ಯಾವುದರ ಜೊತೆಗೂ ಹಗುರವಾಗಿ ತೂಗಬಾರದು. ನಾನು ಹೋಲಿಸುತ್ತಿರುವುದು ನೋವನ್ನಲ್ಲ, ನಾಚಿಕೆಯನ್ನು. ತನ್ನ ಹಿರಿಯರ ಹಾಡಿಗೆ ನಾಚುವ ಸಮುದಾಯ ತನ್ನನ್ನು ವಿವರಿಸುವ ಅಧಿಕಾರವನ್ನೇ ಇತರರಿಗೆ ಬಿಟ್ಟುಕೊಡುತ್ತದೆ. ಎಲ್ಲ ವಿವರಣೆಕಾರರೂ ಸುಶೀಲಾ ಉಪಾಧ್ಯಾಯರಂಥ ಸಜ್ಜನರಾಗಿರುವುದಿಲ್ಲ. ನಮ್ಮ ಬಗ್ಗೆ ದಿನವೂ ಬರೆಯುವ, ಟಿ.ವಿ.ಯಲ್ಲಿ ಕಿರುಚುವ ಇನ್ನೊಂದು ಬಗೆಯ ವಿವರಣೆಕಾರರು ನಮ್ಮ ಜಿಲ್ಲೆಯಲ್ಲಿ ಕಡಿಮೆ ಇಲ್ಲ. ಅವರಿಗೆ ಉತ್ತರ ಕೊಡಲು ನಮ್ಮ ಕೈಯಲ್ಲಿ ಪುಸ್ತಕವಿಲ್ಲ. ಕೋಪ ಮಾತ್ರ ಇದೆ.

ಇನ್ನು ದೀನಿನ ಆಕ್ಷೇಪ. ವಾದ್ಯಗಳ ವಿಷಯದಲ್ಲಿ ನಮ್ಮ ಫಿಕ್ಹ್ ಗ್ರಂಥಗಳು ಕಟ್ಟುನಿಟ್ಟಾಗಿವೆ. ಮದುವೆಯಂಥ ಸಂದರ್ಭದಲ್ಲಿ ದಫ್‌ಗೆ ಅನುಮತಿ ಇದೆ, ಅನೇಕ ವಾದ್ಯಗಳ ಬಗ್ಗೆ ನಿಷೇಧವಿದೆ. ಆ ಮಿತಿಯನ್ನು ಸಡಿಲಿಸಲು ನಾನು ಇಲ್ಲಿ ಕುಳಿತಿಲ್ಲ. ಆದರೆ ನುಡಿಸುವುದರ ವಿಧಿ ಬೇರೆ, ತಿಳಿಯುವುದರ ವಿಧಿ ಬೇರೆ. ಇವೆರಡನ್ನು ಒಂದೇ ಗಂಟಿನಲ್ಲಿ ಕಟ್ಟುವವರು ತಾವು ಕುಳಿತು ಕಲಿತ ದರ್ಸ್‌ ಅನ್ನೇ ಮರೆತಿದ್ದಾರೆ.

ದರ್ಸ್‌ನಲ್ಲಿ 'ಬಾನತ್ ಸುಆದ್' ಓದದ ಮುತಅಲ್ಲಿಂ ಉಂಟೆ? ಕಅಬ್ ಬಿನ್ ಝುಹೈರ್(ರ) ಅವರು ಪ್ರವಾದಿ(ಸ) ಅವರ ಮುಂದೆ ಹಾಡಿದ ಆ ಖಸೀದಃ ಆರಂಭವಾಗುವುದು ಅಗಲಿಹೋದ ಪ್ರೇಯಸಿಯ ನೆನಪಿನಿಂದ. ಪ್ರವಾದಿ(ಸ) ಅವರನ್ನು ತಡೆಯಲಿಲ್ಲ. ತಮ್ಮ ಹೊದಿಕೆಯನ್ನೇ ಅವರಿಗೆ ಹೊದಿಸಿದರೆಂದು ಚರಿತ್ರೆ ಹೇಳುತ್ತದೆ. ಅಜ್ಞಾನ ಕಾಲದ ಅರಬರ ಕವಿತೆಗಳಲ್ಲಿ ಮದ್ಯವಿದೆ, ಗೋತ್ರದ ಅಹಂಕಾರವಿದೆ, ಹೆಣ್ಣಿನ ವರ್ಣನೆಯಿದೆ. ಅವುಗಳನ್ನು ಅಳಿಸಿಹಾಕಿದವರು ಮುಸ್ಲಿಮರಲ್ಲ, ಉಳಿಸಿಕೊಟ್ಟವರು ಮುಸ್ಲಿಮರು. ಏಕೆ? ಕುರ್‌ಆನಿನ ಕಠಿಣ ಪದದ ಅರ್ಥ ತಿಳಿಯದಿದ್ದರೆ ಅರಬರ ಕಾವ್ಯದಲ್ಲಿ ಹುಡುಕುವ ದಾರಿಯನ್ನು ತೋರಿಸಿದವರು ಇಬ್ನು ಅಬ್ಬಾಸ್(ರ). ಬಸರಾದ ಅಲ್-ಅಸ್ಮಈ ಮರುಭೂಮಿಯ ಅಲೆಮಾರಿಗಳ ಬಾಯಿಂದ ಪದ್ಯಗಳನ್ನೂ ಪದಗಳನ್ನೂ ಸಂಗ್ರಹಿಸಿದರು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅದು ಕ್ಷೇತ್ರಕಾರ್ಯ. ಖಲೀಲ್ ಬಿನ್ ಅಹ್ಮದ್ ಆ ಪದ್ಯಗಳ ಲಯವನ್ನು ಅಳೆದು ಅರಬಿ ಛಂದಸ್ಸಿನ ಶಾಸ್ತ್ರವನ್ನೇ ಕಟ್ಟಿದರು. ಹತ್ತನೆಯ ಶತಮಾನದ ಅಬುಲ್ ಫರಜ್ ಅಲ್-ಇಸ್ಫಹಾನಿ ಹಾಡುಗಳ ಬಗ್ಗೆ, ಹಾಡಿದವರ ಬಗ್ಗೆ ಹಲವು ಸಂಪುಟಗಳ ಮಹಾಗ್ರಂಥವನ್ನು ಬರೆದರು. ಅದಕ್ಕೂ ಒಂದು ಶತಮಾನ ಮುಂಚೆ ಅಲ್-ಜಾಹಿಝ್ ಬಿಳಿಯರ ಎದುರು ಕಪ್ಪು ಜನರ ಹಿರಿಮೆಯನ್ನು ಎತ್ತಿಹಿಡಿದು ಒಂದು ಪ್ರಬಂಧ ಬರೆದಿದ್ದರು. ಜನಾಂಗ, ಹಾಡು, ಜನಸಾಮಾನ್ಯರ ಸಂಸ್ಕೃತಿ ಇವು ಅಮೆರಿಕದ ವಿಶ್ವವಿದ್ಯಾನಿಲಯಗಳು ಈಚೆಗೆ ಕಂಡುಹಿಡಿದ ವಿಷಯಗಳೆಂದು ಯಾರು ಹೇಳಿದ್ದು? ಇಮಾಮ್ ಗಝ್ಝಾಲಿ(ರ) ಅವರ 'ಇಹ್ಯಾ'ದಲ್ಲಿ ಆಲಿಸುವಿಕೆಯ ಶಿಷ್ಟಾಚಾರಕ್ಕೇ ಒಂದು ಭಾಗ ಮೀಸಲಿದೆ. ಅದನ್ನು ಬರೆಯಲು ಅವರು ಹಾಡುಗಳ ಬಗೆಗಳನ್ನು ಅರಿಯಬೇಕಾಗಿರಲಿಲ್ಲವೇ?

ಅಮೆರಿಕದಲ್ಲೇ ಒಂದು ನಿದರ್ಶನವಿದೆ. ಯೂಸುಫ್ ಲತೀಫ್ ಎಂಬ ಕಪ್ಪು ಸಂಗೀತಗಾರರು 1920ರಲ್ಲಿ ಹುಟ್ಟಿ 2013ರಲ್ಲಿ ತೀರಿಕೊಂಡರು. ತರುಣರಾಗಿದ್ದಾಗ ತಮ್ಮ ಹಳೆಯ ಹೆಸರನ್ನು ಬಿಟ್ಟು ಈ ಹೆಸರನ್ನು ತೆಗೆದುಕೊಂಡರು. ಅವರು ಸೇರಿದ ಅಹ್ಮದಿ ಪಂಥದ ವಿಶ್ವಾಸವನ್ನು ನಾವು ಒಪ್ಪುವವರಲ್ಲ, ಆ ವಿಷಯದಲ್ಲಿ ನಮ್ಮ ಉಲಮಾಗಳ ನಿಲುವು ಸ್ಪಷ್ಟವಾಗಿದೆ. ಆದರೂ ಅವರ ಬದುಕಿನ ಒಂದೆರಡು ವಿವರಗಳನ್ನು ಹೇಳಲೇಬೇಕು. ಜಾಝ್ ಎಂಬ ಪದಕ್ಕೆ ಕೀಳು ಅರ್ಥಗಳ ಸಹವಾಸವಿದೆ ಎಂಬ ಕಾರಣಕ್ಕೆ ತಮ್ಮ ಸಂಗೀತಕ್ಕೆ ಅವರು ಆ ಪದವನ್ನು ಒಪ್ಪಲಿಲ್ಲ, ಸ್ವಂತದ ಹೆಸರೊಂದನ್ನು ಕಟ್ಟಿಕೊಂಡರು. ಮದ್ಯ ಮಾರುವ ಸ್ಥಳಗಳಲ್ಲಿ ನುಡಿಸುವುದಿಲ್ಲ ಎಂದು ತೀರ್ಮಾನಿಸಿದರು. ಅಲ್ಲಿನ ಸಂಗೀತಗಾರನಿಗೆ ಅದು ಅನ್ನದ ಪ್ರಶ್ನೆ. 1975ರಲ್ಲಿ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದಿಂದ ಶಿಕ್ಷಣ ವಿಷಯದಲ್ಲಿ ಡಾಕ್ಟರೇಟ್ ಪಡೆದರು. ಪ್ರಬಂಧದ ವಿಷಯ ಪಾಶ್ಚಾತ್ಯ ಶಿಕ್ಷಣ ಮತ್ತು ಇಸ್ಲಾಮೀ ಶಿಕ್ಷಣ. ಮುಂದೆ ನೈಜೀರಿಯಾದ ಝಾರಿಯಾಗೆ ಹೋಗಿ ಅಲ್ಲಿನ ಅಹ್ಮದು ಬೆಲ್ಲೊ ವಿಶ್ವವಿದ್ಯಾನಿಲಯದಲ್ಲಿ ಕೆಲವು ವರ್ಷ ಸಂಶೋಧನೆ ನಡೆಸಿದರು. ಹೆಸರಿಡುವ ಹಕ್ಕನ್ನು ಇತರರಿಗೆ ಬಿಟ್ಟುಕೊಡದ, ಗೆರೆ ಎಲ್ಲಿದೆಯೆಂದು ತಾನೇ ಎಳೆದುಕೊಂಡ ಮನುಷ್ಯ. ನಮ್ಮ ಆಕ್ಷೇಪಕರು ಗೆರೆ ಎಳೆಯುತ್ತಾರೆ, ಅದು ಸರಿ. ಆದರೆ ಗೆರೆಯ ಈಚೆಗೆ ಇರುವ ಹೊಲವನ್ನಾದರೂ ಉಳುತ್ತಿದ್ದಾರೆಯೇ?

ಈಚೆಗಿರುವ ಹೊಲ ಸಣ್ಣದಲ್ಲ. ಕೋಯಿಕ್ಕೋಡಿನ ಖಾಝಿ ಮುಹಮ್ಮದ್ ಅವರು 1607ರಲ್ಲಿ ರಚಿಸಿದ ಮುಹ್ಯಿದ್ದೀನ್ ಮಾಲೆ ನಮ್ಮ ಮನೆಗಳಲ್ಲಿ ಮಗ್ರಿಬ್ ನಂತರ ಕೇಳಿಬರುತ್ತಿತ್ತು. ಕರಾವಳಿಯ ಎಷ್ಟೋ ಹೆಂಗಸರಿಗೆ ಅಕ್ಷರ ಕಲಿಸಿದ್ದು ಅರಬಿ ಮಲಯಾಳ ಲಿಪಿಯ ಇಂಥ ಪುಸ್ತಕಗಳೇ. ಸರಕಾರದ ಲೆಕ್ಕದಲ್ಲಿ ಅವರು ಅನಕ್ಷರಸ್ಥರು. ಮೊಯಿನ್‌ಕುಟ್ಟಿ ವೈದ್ಯರು 1892ರಲ್ಲಿ ತೀರಿಕೊಂಡಾಗ ಅವರಿಗೆ ನಲವತ್ತು ವರ್ಷ. ಬದ್ರ್ ಯುದ್ಧದ ಅವರ ಹಾಡು ಗಡಿ ದಾಟಿ ನಮ್ಮಲ್ಲಿಗೂ ಬಂತು. ಕೇರಳದವರು ಕೊಂಡೋಟಿಯಲ್ಲಿ ಅವರ ಹೆಸರಿನ ಅಕಾಡೆಮಿ ಕಟ್ಟಿದ್ದಾರೆ. ನಮ್ಮಲ್ಲಿ ಈ ಹಾಡುಗಳು ಬಂದ ಮೇಲೆ ಏನಾದವು? ತುಳುವಿನ, ಕನ್ನಡದ ಯಾವ ಪದಗಳು ಅವುಗಳೊಳಗೆ ಸೇರಿದವು? ಕಡಬದ ಕಡೆಯ ಹಾಡಿಗೂ ಪುತ್ತೂರಿನ ಹಾಡಿಗೂ ಧಾಟಿಯ ವ್ಯತ್ಯಾಸವೇನು? ಮಾಲೆಗಳ ಕೆಲವು ಸಾಲುಗಳ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯವಿರುವುದು ಗುಟ್ಟಲ್ಲ. ನಾನು ಅವುಗಳನ್ನು ಪ್ರೀತಿಯಿಂದ ಓದುವ ಪಂಗಡದವನು. ತಿರಸ್ಕರಿಸುವವನೂ ಓದಿ ತಿರಸ್ಕರಿಸಲಿ.

ವಿದ್ಯಾರ್ಥಿ ಸಂಘಟನೆಗಳ ಸಾಹಿತ್ಯೋತ್ಸವಗಳಲ್ಲಿ ದಫ್, ಬುರ್ದಾ, ಮಾಪಿಳ್ಳೆ ಹಾಡಿನ ಸ್ಪರ್ಧೆಗಳು ಭರದಿಂದ ನಡೆಯುತ್ತವೆ ಎಂದು ನೀವು ಹೇಳಬಹುದು. ಸಂತೋಷ. ಆದರೆ ಅಲ್ಲಿ ಹಾಡುವ ಹುಡುಗನನ್ನು ಕೇಳಿ ನೋಡಿ. ಹಾಡು ಯಾರದ್ದು, ಯಾವ ಕಾಲದ್ದು, ಈ ಪದದ ಅರ್ಥವೇನು ಎಂದರೆ ಅವನಿಗೆ ಗೊತ್ತಿಲ್ಲ. ಧಾಟಿಯನ್ನು ಅವನು ಮೊಬೈಲಿನಲ್ಲಿ ಕಲಿತಿದ್ದಾನೆ, ಅದೂ ಸಿನಿಮಾ ಹಾಡಿನ ನೆರಳು ಬಿದ್ದ ಆಲ್ಬಮ್ ಧಾಟಿ. ತೀರ್ಪುಗಾರರು ಅಂಕ ಕೊಡುತ್ತಾರೆ, ಟ್ರೋಫಿ ಮನೆಗೆ ಬರುತ್ತದೆ. ಅದೇ ಮನೆಯ ಒಳಕೋಣೆಯಲ್ಲಿ ಅದೇ ಹಾಡಿನ ಹಳೆಯ ಧಾಟಿ ಬಲ್ಲ ಅಜ್ಜಿ ಮಲಗಿರುತ್ತಾಳೆ.

ನೆರೆಯವರನ್ನು ನೋಡಿ ಕಲಿಯೋಣ. ಪಂಜದ ಸಮೀಪ ಹುಟ್ಟಿದ ಪುರುಷೋತ್ತಮ ಬಿಳಿಮಲೆಯವರು ಸುಳ್ಯ ಪರಿಸರದ ತಮ್ಮ ಗೌಡ ಸಮುದಾಯದ ಸಂಸ್ಕೃತಿಯನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡರು. ಕಾಡಿನಂಚಿನ ರೈತರ ಮದುವೆ, ಸಾವು, ಹಾಡು, ಆಚರಣೆಗಳಲ್ಲಿ ವಿದ್ವತ್ತಿಗೆ ತಕ್ಕ ವಿಷಯವೇನಿದೆ ಎಂದು ಅವರಿಗೂ ಯಾರಾದರೂ ಕೇಳಿರಬಹುದು. ಅಲ್ಲಿಂದ ಹೊರಟ ಅವರು ಹಂಪಿಯ ಕನ್ನಡ ವಿಶ್ವವಿದ್ಯಾನಿಲಯ, ದೆಹಲಿಯ ಬಳಿಯ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್, ಜೆ.ಎನ್.ಯು.ವಿನ ಕನ್ನಡ ಪೀಠ ಇವುಗಳನ್ನು ಹಾದು, 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷರಾದರು. "ಹೊಟ್ಟೆ ತುಂಬುತ್ತದೆಯೇ" ಎಂಬ ಉಪ್ಪಂದಿರ ಪ್ರಶ್ನೆಗೆ ಇದೊಂದು ಉತ್ತರ. 2011ರಲ್ಲಿ ಅರೆಭಾಷೆಗೂ ಅಕಾಡೆಮಿ ಬಂತು. ಸುಳ್ಯದ ಸಂತೆಯಲ್ಲಿ ನಮ್ಮ ಪಕ್ಕದಲ್ಲೇ ನಿಂತು ಕಾಳುಮೆಣಸು ಮಾರುವ ಸಮುದಾಯ ಅದು.

ಬಿಳಿಮಲೆಯವರು ದುಡಿದ ಆ ಅಮೆರಿಕನ್ ಸಂಸ್ಥೆಯಲ್ಲಿ ಜನಪದ ಮತ್ತು ಶಾಸ್ತ್ರೀಯ ಸಂಗೀತದ ಧ್ವನಿಮುದ್ರಣಗಳ ದೊಡ್ಡ ಸಂಗ್ರಹಾಲಯವಿದೆ. 1982ರಲ್ಲಿ ಅದರ ಸ್ಥಾಪನೆಗೆ ಕಾರಣರಾದವರು ನಝೀರ್ ಅಲಿ ಜೈರಾಝ್‌ಭಾಯ್ ಎಂಬ ವಿದ್ವಾಂಸರು. ಡಚ್ ವಿದ್ವಾಂಸ ಅರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತದಲ್ಲಿ ಧ್ವನಿಮುದ್ರಿಸಿದ ಹಾಡುಗಳನ್ನು ಹಿಡಿದುಕೊಂಡು, ಜೈರಾಝ್‌ಭಾಯ್ ಮತ್ತು ಅವರ ಪತ್ನಿ 1984ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕದ ಅದೇ ಊರುಗಳಿಗೆ ಮತ್ತೆ ಹೋದರು. ಹಾಡು ಉಳಿದಿದೆಯೇ, ಎಷ್ಟು ಬದಲಾಗಿದೆ ಎಂದು ಕೇಳಿ ನೋಡಿದರು. 1938ರಲ್ಲಿ ಒಬ್ಬರು ಧ್ವನಿಮುದ್ರಿಸಿದ್ದರಿಂದ 1984ರಲ್ಲಿ ಇನ್ನ್ಯಾರೋ ಹೋಲಿಸಲು ಸಾಧ್ಯವಾಯಿತು. ನಮ್ಮ ಮೂರು ತಾಲೂಕುಗಳ ಮುಸ್ಲಿಂ ಹೆಂಗಸರ ಹಾಡುಗಳಿಗೆ ಅಂಥ ಮೊದಲ ಕಡತವೇ ಇಲ್ಲದಿದ್ದರೆ ಮೊಮ್ಮಕ್ಕಳು ಯಾವುದರ ಜೊತೆ ಯಾವುದನ್ನು ಹೋಲಿಸುತ್ತಾರೆ?

ನಮ್ಮಲ್ಲಿ ಯಾರೂ ಏನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. ಪುತ್ತೂರಿನ ಬೊಳುವಾರಿನವರೇ ಆದ ಬೊಳುವಾರು ಮಹಮದ್ ಕುಂಞಿ ಅವರು ಮುತ್ತುಪ್ಪಾಡಿ ಎಂಬ ಹಳ್ಳಿಯನ್ನು ಕಲ್ಪಿಸಿ ನಮ್ಮ ಅಡುಗೆಮನೆಗಳನ್ನೂ ಪಳ್ಳಿಯ ಜಗಲಿಗಳನ್ನೂ ಕನ್ನಡ ಕಥೆಯೊಳಗೆ ತಂದರು. ಕನ್ನಡ ಮಕ್ಕಳ ಪದ್ಯಗಳ 'ತಟ್ಟು ಚಪ್ಪಾಳೆ ಪುಟ್ಟ ಮಗು' ಸಂಕಲನವನ್ನು ಸಂಪಾದಿಸಿದವರೂ ಅವರೇ. ನಾಡಿನ ಮಕ್ಕಳ ಹಾಡುಗಳನ್ನು ನಮ್ಮವರೊಬ್ಬರು ಆಯ್ದು ಜೋಡಿಸಿಕೊಟ್ಟರು, ನಮ್ಮ ಮಕ್ಕಳ ಹಾಡು ಇನ್ನೂ ಕಾಯುತ್ತಿದೆ. ಡಾ. ವಹಾಬ್ ದೊಡ್ಡಮನೆಯವರು ಜಿಲ್ಲೆಯ ಮುಸ್ಲಿಮರ ಚರಿತ್ರೆಯನ್ನು, ಪ್ರೊ. ಬಿ.ಎಂ. ಇಚ್ಲಂಗೋಡು ಅವರು ಬ್ಯಾರಿಗಳ ಚರಿತ್ರೆಯನ್ನು ಬರೆದರು. ಅವರ ಪುಸ್ತಕಗಳು ನಮ್ಮ ಎಷ್ಟು ಮನೆಗಳಲ್ಲಿವೆ? ಲಕ್ಷಗಟ್ಟಲೆ ಖರ್ಚಿನ ಮದುವೆಗಳಲ್ಲಿ ಹಂಚುವ ಉಡುಗೊರೆ ಚೀಲದಲ್ಲಿ ಚಾಕಲೇಟು, ಅತ್ತರು ಇರುತ್ತದೆ. ಒಂದು ಪುಸ್ತಕ ಹಾಕಿದರೆ ಯಾರ ಮರ್ಯಾದೆ ಹೋಗುತ್ತದೆ?

ಅಕಾಡೆಮಿ ಇದೆಯಲ್ಲ, ಅವರು ಮಾಡಲಿ ಎಂಬ ಮಾತೂ ಕೇಳುತ್ತೇನೆ. ಅಕಾಡೆಮಿ ಪ್ರಶಸ್ತಿ ಕೊಡಬಲ್ಲದು, ಪುಸ್ತಕ ಅಚ್ಚು ಹಾಕಬಲ್ಲದು. ಸುಳ್ಯದ ಒಳಹಳ್ಳಿಯ ಮನೆಯ ಒಳಕೋಣೆಗೆ ಅದರ ಅಧಿಕಾರಿ ಬರಲಾರ, ಬರಲೂ ಬಾರದು. ಅಲ್ಲಿಗೆ ಹೋಗಬಲ್ಲವಳು ಆ ಮನೆಯ ಮೊಮ್ಮಗಳು ಮಾತ್ರ. ಪರಪುರುಷರ ಮುಂದೆ ಹಾಡದ ಅಜ್ಜಿ ಮೊಮ್ಮಗಳ ಮುಂದೆ ಹಾಡಿಯಾಳು. ದನಿ ಹೊರಗೆ ಹೋಗುವುದು ಇಷ್ಟವಿಲ್ಲದಿದ್ದರೆ ಸಾಲುಗಳನ್ನು ಬರೆದುಕೊಂಡರೆ ಸಾಕು. ಹಯಾ ಎಂಬ ಮೌಲ್ಯವನ್ನು ಉಳಿಸಿಕೊಂಡೇ ಈ ಕೆಲಸ ಮಾಡಬಹುದು. ನಿಜ ಹೇಳಬೇಕೆಂದರೆ ಆ ಮೌಲ್ಯದ ಕಾರಣದಿಂದಲೇ ನಮ್ಮ ಹೆಣ್ಣುಮಕ್ಕಳ ಹೊರತು ಬೇರೆ ಯಾರೂ ಇದನ್ನು ಮಾಡಲಾರರು. ಎಂ.ಎ. ಬೇಡವೆಂದು ನೀವು ಮನೆಯಲ್ಲಿ ಕೂರಿಸಿದ ಹುಡುಗಿ ಅವಳೇ.

ಕೊನೆಗೊಂದು ಸಂಗತಿ. ಅಜ್ಜಿ ತೀರಿಕೊಂಡ ಕೆಲವು ದಿನಗಳಲ್ಲಿ ಮನೆಯವರು ಅವಳ ಮರದ ಪೆಟ್ಟಿಗೆಯನ್ನು ತೆರೆಯುತ್ತಾರೆ. ಬಟ್ಟೆಗಳನ್ನು ಬಡವರಿಗೆ ಕೊಡುತ್ತಾರೆ. ತಳದಲ್ಲಿ ತಿರೂರಂಗಾಡಿಯಲ್ಲೋ ಪೊನ್ನಾನಿಯಲ್ಲೋ ಅಚ್ಚಾದ, ಹೊಲಿಗೆ ಬಿಚ್ಚಿದ ಹಾಡಿನ ಪುಸ್ತಕಗಳು, ಕೆಲವೊಮ್ಮೆ ಕೈಬರಹದ ನೋಟುಪುಸ್ತಕವೂ ಇರುತ್ತದೆ. ಲಿಪಿ ಅರಬಿಯಂತೆ ಕಾಣುತ್ತದೆ, ಓದಲು ಯಾರಿಗೂ ಬಾರದು. ಅಲ್ಲಾಹನ ಹೆಸರು ಇರಬಹುದೆಂಬ ಭಯಭಕ್ತಿಯಿಂದ ಅವುಗಳನ್ನು ಕಸಕ್ಕೆ ಹಾಕುವುದಿಲ್ಲ. ಗೌರವದಿಂದ ಸುಡುತ್ತಾರೆ, ಇಲ್ಲವೇ ಹೂಳುತ್ತಾರೆ. ಅದನ್ನು ಮಾಡುವ ಮುನ್ನ ಆ ಕಟ್ಟನ್ನು ನಿಮ್ಮ ಮೊಹಲ್ಲಾದ ಮದ್ರಸಕ್ಕೆ ತನ್ನಿ. ಈ ಲಿಪಿ ಓದಬಲ್ಲ ಉಸ್ತಾದರು ನಮ್ಮ ತಾಲೂಕುಗಳಲ್ಲಿ ಇನ್ನೂ ಇದ್ದಾರೆ. ಪುಟಪುಟವನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದು, ಮೊದಲ ಪುಟದ ಮೇಲೆ ಅಜ್ಜಿಯ ಹೆಸರು, ಅವಳ ತವರೂರು, ಅವಳಿಗೆ ಹಾಡು ಕಲಿಸಿದವರ ಹೆಸರು ಬರೆದಿಡಿ.